ಹೊಸ ಆಫ್‌ರೋಡ್ ಪಿಕಪ್‌ಗೆ ದೊಡ್ಡ ಟೈರು: ಮೊದಲು ತೂಕದ ಲೆಕ್ಕ, ಆಮೇಲೆ ರಬ್ಬರಿನ ಮಾತು

ಶೋರೂಮಿನಿಂದ ಈಗಷ್ಟೇ ಹೊರಬಂದ ಪಿಕಪ್‌ನ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಅಂಗೈ ತೂರಿಸುವಷ್ಟು ಜಾಗವಿರುತ್ತದೆ. ದೊಡ್ಡ ಟೈರಿನ ಆಸೆ ಹುಟ್ಟುವುದೇ ಆ ಜಾಗ ನೋಡಿದಾಗ. ಆದರೆ ಕಂಪನಿಯವರು ಅದನ್ನು ಸುಮ್ಮನೆ ಖಾಲಿ ಬಿಟ್ಟಿರುವುದಿಲ್ಲ. ಗಾಡಿ ತುಂಬು ಹೊರೆಯಲ್ಲಿ ಹಳ್ಳಕ್ಕೆ ಬಿದ್ದು ಸಸ್ಪೆನ್ಷನ್ ಪೂರ್ತಿ ಅಮುಕಿದಾಗ ಟೈರು ಮೇಲೇರುವುದು ಅಲ್ಲಿಗೇ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರಿನ ಮೂಲೆ ಓಡಾಡುವುದೂ ಅಲ್ಲೇ. ನಿಂತ ಗಾಡಿಯಲ್ಲಿ ಕಾಣುವ ಜಾಗ ಒಂದು, ಓಡುವ ಗಾಡಿಗೆ ಬೇಕಾಗುವ ಜಾಗ ಇನ್ನೊಂದು.

ಬಹುತೇಕರು ಕೆಲಸ ಶುರು ಮಾಡುವುದೇ ತಲೆಕೆಳಗಾಗಿ. ಮೊದಲು ಟೈರು ಕೊಳ್ಳುತ್ತಾರೆ. ಅದು ಎಲ್ಲೋ ಉಜ್ಜುತ್ತದೆ. ಉಜ್ಜುವುದನ್ನು ತಪ್ಪಿಸಲು ಗಾಡಿಯನ್ನು ಮೇಲೆತ್ತುವ ಲಿಫ್ಟ್ ಕಿಟ್ ಹಾಕಿಸುತ್ತಾರೆ. ನಂತರ ಉಕ್ಕಿನ ಬಂಪರ್, ಹೂತ ಗಾಡಿಯನ್ನು ಎಳೆಯುವ ವಿಂಚ್, ಹಿಂದಿನ ಟ್ರೇ ಮುಚ್ಚುವ ಕ್ಯಾನಪಿ ಬಂದು ಕೂರುತ್ತವೆ. ಗಾಡಿ ಮೂತಿ ತಗ್ಗಿಸುತ್ತದೆ, ಟೈರು ಮತ್ತೆ ಉಜ್ಜುತ್ತದೆ. ಆಗ ಇನ್ನೂ ಗಟ್ಟಿ ಸ್ಪ್ರಿಂಗ್ ಹುಡುಕಬೇಕು. ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಸುರಿದ ಹಾಗಾಯಿತು. ಸರಿಯಾದ ಕ್ರಮ ಇದರ ವಿರುದ್ಧ. ಗಾಡಿಯ ಮೇಲೆ ಶಾಶ್ವತವಾಗಿ ಏನೇನು ಕೂರಲಿದೆ ಎಂದು ಮೊದಲು ಗೊತ್ತಾಗಬೇಕು. ಆ ತೂಕ ನೋಡಿ ಸ್ಪ್ರಿಂಗು, ಸ್ಪ್ರಿಂಗು ಕೊಡುವ ಎತ್ತರ ನೋಡಿ ಟೈರು.

ತೂಕದ ಫಲಕ ಹೇಳುವುದು

ಚಾಲಕನ ಬಾಗಿಲ ಕಂಬದ ಮೇಲೆ ಅಥವಾ ಬಾನೆಟ್ ಅಡಿಯಲ್ಲಿ ಒಂದು ಫಲಕ ಇರುತ್ತದೆ. ಗಾಡಿ, ಜನ, ಇಂಧನ, ಸಾಮಾನು ಎಲ್ಲ ಸೇರಿ ಎಷ್ಟು ತೂಗಬಹುದು ಎಂಬ ಒಟ್ಟು ಮಿತಿ ಅದರಲ್ಲಿದೆ. ಮುಂದಿನ ಆಕ್ಸಲ್‌ಗೆ ಎಷ್ಟು, ಹಿಂದಿನದಕ್ಕೆ ಎಷ್ಟು ಎಂಬುದೂ ಬೇರೆ ಬೇರೆಯಾಗಿ ಬರೆದಿರುತ್ತದೆ. ಮೂರೂ ಪ್ರತ್ಯೇಕ ಮಿತಿಗಳು. ಒಟ್ಟು ತೂಕ ಮಿತಿಯೊಳಗಿದ್ದರೂ ಮುಂದಿನ ಆಕ್ಸಲ್ ಮಿತಿ ಮೀರಿರಬಹುದು. ವಿಂಚ್ ಹಾಕಿಸಿದ ಗಾಡಿಗಳಲ್ಲಿ ಆಗುವ ಎಡವಟ್ಟು ಇದೇ.

ಖಾಲಿ ತೂಕ 2,100 ಕೆ.ಜಿ., ಒಟ್ಟು ಮಿತಿ 3,050 ಕೆ.ಜಿ. ಇರುವ ಡಬಲ್ ಕ್ಯಾಬ್ ಪಿಕಪ್ ಒಂದನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಹೊರೆಗೆ ಉಳಿಯುವುದು 950 ಕೆ.ಜಿ. ಕೇಳಲು ಧಾರಾಳ. ಉಕ್ಕಿನ ಮುಂಬಂಪರ್ ಮತ್ತು ಸಿಂಥೆಟಿಕ್ ಹಗ್ಗದ ವಿಂಚ್ ಸೇರಿ 95, ಬಾಗಿಲಡಿಯನ್ನು ಕಲ್ಲಿನಿಂದ ಕಾಯುವ ರಾಕ್ ಸ್ಲೈಡರ್ 45, ಅಡಿಭಾಗದ ರಕ್ಷಣಾ ತಗಡು 35, ಕ್ಯಾನಪಿ 75, ರೂಫ್ ರ‍್ಯಾಕ್ 28, ಅದರ ಮೇಲೊಂದು ಟೆಂಟ್ 60. ಹಿಂದೆ ಡ್ರಾಯರ್ ಮತ್ತು ತುಂಬಿದ ಫ್ರಿಜ್ 110, ಎರಡನೇ ಬ್ಯಾಟರಿ ವೈರಿಂಗ್ ಸಹಿತ 35, ಟೋ ಬಾರ್ ಮತ್ತು ಹೆಚ್ಚುವರಿ ಸ್ಪ್ರಿಂಗ್ ಪಟ್ಟಿ 35. ಸ್ಟೆಪ್ನಿಯೂ ಸೇರಿ ಐದು ದೊಡ್ಡ ಟೈರುಗಳಿಂದ ಬರುವ ಹೆಚ್ಚುವರಿ ತೂಕ 45. ಒಟ್ಟು 563 ಕೆ.ಜಿ. ಉಳಿದ 387ರಲ್ಲಿ ನಾಲ್ಕು ಜನ ಕೂತರೆ 300 ಹೋಯಿತು. 40 ಲೀಟರ್ ನೀರು, 35 ಕೆ.ಜಿ. ಹಗ್ಗ, ಕೊಕ್ಕೆ, ಹತ್ಯಾರು ಇಟ್ಟ ಮೇಲೆ ಕೈಯಲ್ಲಿ ಉಳಿಯುವುದು 12 ಕೆ.ಜಿ. ಬಟ್ಟೆಬರೆ, ಊಟದ ಸಾಮಾನು ಇನ್ನೂ ಏರಿಯೇ ಇಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎನ್ನುವುದಾದರೆ, ಈ ಗಾಡಿಯ ಕಾಲು ಆಗಲೇ ಹಾಸಿಗೆಯ ಅಂಚಿಗೆ ಬಂದಿದೆ.

ಕೈಪಿಡಿಯ ಖಾಲಿ ತೂಕವನ್ನು ಕಣ್ಣುಮುಚ್ಚಿ ನಂಬುವುದೂ ಸರಿಯಲ್ಲ. ಕೆಲವರು ಪೂರ್ತಿ ಟ್ಯಾಂಕ್ ಇಂಧನ ಸೇರಿಸಿ ಹೇಳುತ್ತಾರೆ, ಕೆಲವರು ಸ್ವಲ್ಪವೇ ಸೇರಿಸುತ್ತಾರೆ, ಚಾಲಕನ 75 ಕೆ.ಜಿ. ಸೇರಿಸುವವರೂ ಇದ್ದಾರೆ. ಹೊಸ ಗಾಡಿಯನ್ನು ಬಿಡಿಭಾಗ ಹಾಕಿಸುವ ಮೊದಲೇ ವೇಬ್ರಿಡ್ಜಿಗೆ ಒಯ್ದು ಮೂರು ಸಲ ತೂಗಿಸಿ: ಮುಂದಿನ ಗಾಲಿಗಳು ಮಾತ್ರ, ಇಡೀ ಗಾಡಿ, ಹಿಂದಿನ ಗಾಲಿಗಳು ಮಾತ್ರ. ಆ ಚೀಟಿ ಮುಂದಿನ ಪ್ರತಿ ತೀರ್ಮಾನಕ್ಕೂ ಆಧಾರ.

ತೂಕ ಎಷ್ಟು ಎಂಬಷ್ಟೇ ಅದು ಎಲ್ಲಿ ಕೂತಿದೆ ಎಂಬುದೂ ಮುಖ್ಯ. ಟೊಯೋಟಾ ಹೈಲಕ್ಸ್ ಡಬಲ್ ಕ್ಯಾಬ್‌ನ ಎರಡು ಆಕ್ಸಲ್‌ಗಳ ನಡುವಿನ ದೂರ 3,085 ಮಿ.ಮೀ. ಮುಂದಿನ ಆಕ್ಸಲ್‌ಗಿಂತ 850 ಮಿ.ಮೀ. ಮುಂದಕ್ಕೆ 100 ಕೆ.ಜಿ.ಯ ಬಂಪರ್ ಮತ್ತು ವಿಂಚ್ ಕೂರಿಸಿದರೆ ಮುಂದಿನ ಆಕ್ಸಲ್ ಮೇಲೆ ಹೆಚ್ಚುವುದು 100 ಅಲ್ಲ, ಸುಮಾರು 128 ಕೆ.ಜಿ.; ಹಿಂದಿನ ಆಕ್ಸಲ್ ಮೇಲೆ 28 ಕೆ.ಜಿ. ಕಡಿಮೆಯಾಗುತ್ತದೆ. ಸನ್ನೆಕೋಲಿನ ಲೆಕ್ಕ ಇದು. ಹಿಂದೆ ಟ್ರೇಲರ್ ಕೊಕ್ಕೆಯ ಮೇಲೆ, ಆಕ್ಸಲ್‌ನಿಂದ 1,200 ಮಿ.ಮೀ. ಆಚೆ 300 ಕೆ.ಜಿ. ಬಿದ್ದರೆ ಹಿಂದಿನ ಆಕ್ಸಲ್ ಹೊರುವುದು 417 ಕೆ.ಜಿ., ಮುಂದಿನ ಆಕ್ಸಲ್ 117 ಕೆ.ಜಿ. ಹಗುರ. ಮುಂದೆ ಹಗುರವಾದ ಗಾಡಿಯ ಸ್ಟಿಯರಿಂಗು ಮತ್ತು ಬ್ರೇಕು ಎರಡೂ ಹಿಡಿತ ಕಳೆದುಕೊಳ್ಳುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಒತ್ತಿ ಹೇಳಬೇಕು. ಹಿಂಭಾಗ ಕುಸಿಯಿತೆಂದು ಲೀಫ್ ಸ್ಪ್ರಿಂಗಿನ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಜೊತೆಗೆ ಏರ್ ಬ್ಯಾಗ್, ಅಂದರೆ ಗಾಳಿ ತುಂಬಿದ ರಬ್ಬರ್ ಚೀಲ ಸೇರಿಸುವವರಿದ್ದಾರೆ. ಲೀಫ್ ಸ್ಪ್ರಿಂಗ್ ತನ್ನ ಹೊರೆಯನ್ನು ಚಾಸಿಯ ಎರಡು ಕಡೆ, ಮುಂದಿನ ಕಣ್ಣು ಮತ್ತು ಹಿಂದಿನ ಶ್ಯಾಕಲ್ (ತೂಗುವ ಕೊಂಡಿ) ಇವುಗಳ ಮೇಲೆ ಹಂಚುತ್ತದೆ. ಏರ್ ಬ್ಯಾಗ್ ಅದೇ ಹೊರೆಯನ್ನು ಆಕ್ಸಲ್‌ನ ನೇರ ಮೇಲೆ, ಚಾಸಿಯ ಒಂದೇ ಬಿಂದುವಿಗೆ ಒತ್ತುತ್ತದೆ. ಹಿಂದೆ ಭಾರವಾದ ಟ್ರೇಲರ್ ಎಳೆಯುತ್ತಾ, ಟ್ರೇ ತುಂಬಾ ಹೊರೆ ಹೊತ್ತು ಗುಂಡಿಗಳಲ್ಲಿ ಓಡಿಸಿದರೆ ಚಾಸಿ ಅದೇ ಬಿಂದುವಿನಲ್ಲಿ ಬಾಗಬಹುದು. ಗಾಡಿ ನೆಟ್ಟಗೆ ನಿಂತಿದೆ ಎಂದ ಮಾತ್ರಕ್ಕೆ ಅದು ಹೊರೆ ತಡೆದುಕೊಂಡಿದೆ ಎಂದಲ್ಲ.

ಟೈರಿನ ಮೈಮೇಲಿನ ಅಂಕಿಗಳು

265/65 ಆರ್ 17 ಎಂದರೆ ಅಗಲ 265 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 65, ರಿಮ್ 17 ಇಂಚು. ಎರಡು ಗೋಡೆಗಳ ಎತ್ತರಕ್ಕೆ ರಿಮ್ ಸೇರಿಸಿದರೆ ಹೊರವ್ಯಾಸ ಸುಮಾರು 776 ಮಿ.ಮೀ. ಇದೇ ಸೂತ್ರದಲ್ಲಿ 265/70 ಆರ್ 17 ಅಳತೆಯದು 803 ಮಿ.ಮೀ., 285/70 ಆರ್ 17 ಅಳತೆಯದು 831 ಮಿ.ಮೀ. ಕೊನೆಯದನ್ನೇ ಆಫ್‌ರೋಡ್ ಮಂದಿ '33 ಇಂಚಿನ ಟೈರು' ಎನ್ನುವುದು, ಲೆಕ್ಕದಲ್ಲಿ ಅದು 32.7 ಇಂಚು.

776ರಿಂದ 831ಕ್ಕೆ ಹೋದರೆ ವ್ಯಾಸ 55 ಮಿ.ಮೀ. ಹೆಚ್ಚಿತು. ಆದರೆ ನೆಲದಿಂದ ಎತ್ತರ ಸಿಗುವುದು ಅದರ ಅರ್ಧ, 27 ಮಿ.ಮೀ. ಮಾತ್ರ. ಇಷ್ಟಕ್ಕಾಗಿ ಇಷ್ಟೊಂದು ಪಾಡೇ ಎನಿಸಬಹುದು. ಹಿಂದಿನ ಗಟ್ಟಿ ಆಕ್ಸಲ್‌ನ ಡಿಫರೆನ್ಷಿಯಲ್ ಗುಂಡನ್ನು (ಎರಡು ಗಾಲಿಗಳಿಗೆ ಶಕ್ತಿ ಹಂಚುವ ಗೇರುಗಳ ಪೆಟ್ಟಿಗೆ) ನೆಲದಿಂದ ಮೇಲೆತ್ತಬಲ್ಲದ್ದು ಟೈರು ಒಂದೇ, ಲಿಫ್ಟ್ ಕಿಟ್ ಎತ್ತುವುದು ಚಾಸಿಯನ್ನು. ಕಲ್ಲಿನ ದಾರಿಯಲ್ಲಿ ಆ 27 ಮಿ.ಮೀ.ಗೆ ಬೆಲೆಯಿದೆ. ಎತ್ತರದ ಗೋಡೆಯಿರುವ ಟೈರನ್ನು ಗಾಳಿ ಇಳಿಸಿ ಓಡಿಸಿದಾಗ ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳುತ್ತದೆ, ಮರಳಿನಲ್ಲಿ ಹೂತುಕೊಳ್ಳುವುದು ಕಡಿಮೆ. ನನ್ನ ಮಟ್ಟಿಗೆ, ಆಫ್‌ರೋಡ್‌ಗೆ ದೊಡ್ಡ ಟೈರಿನ ನಿಜವಾದ ಲಾಭ ಈ ಎರಡೇ.

ಲಾಭದ ಜೊತೆ ಬರುವ ಖರ್ಚನ್ನೂ ನೋಡೋಣ. ವ್ಯಾಸ ಶೇ. 7 ಹೆಚ್ಚಿದರೆ, ಮೊದಲು ಕರಾರುವಾಕ್ಕಾಗಿದ್ದ ಸ್ಪೀಡೋಮೀಟರ್ 100 ತೋರಿಸುವಾಗ ಗಾಡಿ ಓಡುತ್ತಿರುವುದು 107ರಲ್ಲಿ. ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು ಎಂದು ವಿಶ್ವಸಂಸ್ಥೆಯ 39ನೇ ವಾಹನ ನಿಯಮ ಹೇಳುತ್ತದೆ. ಅದಕ್ಕೇ ಕಂಪನಿಗಳು ಸ್ವಲ್ಪ ಹೆಚ್ಚೇ ತೋರಿಸುವಂತೆ ಇಟ್ಟಿರುತ್ತವೆ. 265/70ರ ಶೇ. 3.4ರ ವ್ಯತ್ಯಾಸವನ್ನು ಆ ಅಂತರ ಹಲವು ಗಾಡಿಗಳಲ್ಲಿ ನುಂಗಿಕೊಳ್ಳುತ್ತದೆ; ಶೇ. 7 ಆದರೆ ಅದು ಸಾಲದಾಗಬಹುದು. ಜಿಪಿಎಸ್ ಇಟ್ಟು 60, 80, 100ರಲ್ಲಿ ಹೋಲಿಸಿ ನೋಡಿದರೆ ನಿಮ್ಮ ಗಾಡಿಯ ಸಂಗತಿ ತಿಳಿಯುತ್ತದೆ. ಓಡೋಮೀಟರ್ ಕೂಡ ಕಡಿಮೆ ಎಣಿಸುತ್ತದೆ. ಅದು 10,000 ಕಿ.ಮೀ. ತೋರಿಸುವಾಗ ಗಾಡಿ ನಿಜವಾಗಿ 10,700ರ ಆಸುಪಾಸು ಓಡಿರುತ್ತದೆ. ಮೈಲೇಜ್ ದಿಢೀರನೆ ಬಿದ್ದಿತು ಎಂದು ಗಾಬರಿಯಾಗುವವರು ಮೊದಲು ಈ ಶೇ. 7 ಸೇರಿಸಿ ಲೆಕ್ಕ ಹಾಕಲಿ. ಬಿದ್ದಿರುವುದು ನಿಜ, ಆದರೆ ಮೀಟರ್ ಹೇಳುವಷ್ಟಲ್ಲ.

ಗೇರ್ ಅನುಪಾತವೂ ಸಡಿಲವಾಗುತ್ತದೆ. ಆಕ್ಸಲ್ ಅನುಪಾತ 3.9 ಇದ್ದ ಗಾಡಿ ಈಗ 3.64 ಇದ್ದಂತೆ ವರ್ತಿಸುತ್ತದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಏರಿನಲ್ಲಿ ಮೇಲಿನ ಗೇರಿಗೆ ಹೋಗುವುದು, ಮತ್ತೆ ಇಳಿಯುವುದು, ಹೀಗೆ ತಡಕಾಡುತ್ತದೆ. ಎಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವಿನ ಟಾರ್ಕ್ ಕನ್ವರ್ಟರ್ ಲಾಕ್ ಆಗದೆ ಉಳಿದರೆ ಗೇರ್‌ಬಾಕ್ಸ್ ಆಯಿಲ್ ಕಾಯುತ್ತದೆ. ಟ್ರೇಲರ್ ಎಳೆಯುವವರಿಗೆ ಇದರ ಬಿಸಿ ಬೇಗ ತಟ್ಟುತ್ತದೆ. ಹಳೆಯ ಎಳೆತ ಮರಳಿ ಬೇಕೆಂದರೆ ಆಕ್ಸಲ್ ಗೇರನ್ನು 4.17ರ ಆಸುಪಾಸಿಗೆ ಬದಲಿಸಬೇಕು, ಮುಂದಿನದ್ದೂ ಹಿಂದಿನದ್ದೂ ಒಟ್ಟಿಗೇ.

ಬ್ರೇಕಿನ ಮಾತು ಕಡಿಮೆ ಜನ ಆಡುತ್ತಾರೆ. ತ್ರಿಜ್ಯ ಶೇ. 7 ಹೆಚ್ಚಾದರೆ ಪೆಡಲನ್ನು ಮೊದಲಿನಷ್ಟೇ ಒತ್ತಿದಾಗ ನೆಲದ ಮೇಲೆ ಸಿಗುವ ತಡೆ ಅಷ್ಟೇ ಪ್ರಮಾಣದಲ್ಲಿ ತಗ್ಗುತ್ತದೆ. ಅದರ ಜೊತೆಗೆ ತೂಕ. 16 ಕೆ.ಜಿ.ಯ ಟೈರು ತೆಗೆದು 25 ಕೆ.ಜಿ.ಯದು ಹಾಕಿದರೆ ತಿರುಗುವ ಟೈರಿನ ಜಡತ್ವ ಸುಮಾರು 1.8 ಪಟ್ಟಾಗುತ್ತದೆ. ಈ ಭಾರವನ್ನು ಸ್ಪ್ರಿಂಗ್ ಹೊರುವುದಿಲ್ಲ, ಶಾಕ್ ಅಬ್ಸಾರ್ಬರ್ ನಿಯಂತ್ರಿಸಬೇಕು. ಕಂಪನಿಯ ಶಾಕ್ ಸೋತಾಗ ಗುಂಡಿ ರಸ್ತೆಯಲ್ಲಿ ಗಾಲಿ ನೆಲ ಬಿಟ್ಟು ಕುಣಿಯುತ್ತದೆ.

ಎಲ್‌ಟಿ ಟೈರು ಮತ್ತು ಗಾಳಿಯ ಒತ್ತಡ

ಆಫ್‌ರೋಡ್ ಟೈರುಗಳಲ್ಲಿ ಹಲವು ಎಲ್‌ಟಿ, ಅಂದರೆ ಲೈಟ್ ಟ್ರಕ್ ಬಗೆಯವು. ಗೋಡೆ ದಪ್ಪ, ಕಲ್ಲಿಗೆ ಬೇಗ ಸೀಳುವುದಿಲ್ಲ. ಆದರೆ ಅವು ಹೊರೆ ಹೊರುವ ಬಗೆಯೇ ಬೇರೆ. ಲೋಡ್ ರೇಂಜ್ (ಹೊರೆಯ ದರ್ಜೆ) ಸಿ ಟೈರು ತನ್ನ ಪೂರ್ತಿ ಹೊರೆ ಹೊರುವುದು 50 ಪಿಎಸ್‌ಐ ಗಾಳಿಯಲ್ಲಿ, ಡಿ 65ರಲ್ಲಿ, ಇ 80ರಲ್ಲಿ. ಗೋಡೆಯ ಮೇಲೆ ಲೋಡ್ ಇಂಡೆಕ್ಸ್ 121 ಎಂದಿದ್ದರೆ ಒಂದು ಟೈರಿಗೆ 1,450 ಕೆ.ಜಿ.; 112 ಎಂದಿದ್ದರೆ 1,120 ಕೆ.ಜಿ. ಅಂಕಿ ನೋಡಿ ಹೊಸ ಟೈರು ಬಲಶಾಲಿ ಎಂದು ಸಮಾಧಾನಪಟ್ಟು, ಬಾಗಿಲಲ್ಲಿ ಅಂಟಿಸಿದ ಹಳೆಯ 30-33 ಪಿಎಸ್‌ಐಯನ್ನೇ ತುಂಬಿದರೆ ಅದೇ ಟೈರು ಹೊರುವ ಶಕ್ತಿ ಕಂಪನಿಯ ಟೈರಿಗಿಂತ ಕೆಳಗಿಳಿಯಬಹುದು. ಗೋಡೆ ಹೆಚ್ಚು ಬಾಗುತ್ತದೆ, ಒಳಗೆ ಕಾಯುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಹೆದ್ದಾರಿಯ ವೇಗದಲ್ಲಿ ಟೈರಿನ ಮೇಲ್ಪಟ್ಟಿ ಕಳಚಿಕೊಂಡಾಗಲೇ ಗೊತ್ತಾಗುವುದು. ಟೈರು ತಯಾರಕರ ಹೊರೆ-ಒತ್ತಡ ಪಟ್ಟಿ ತೆಗೆದು, ವೇಬ್ರಿಡ್ಜ್ ಚೀಟಿಯ ಆಕ್ಸಲ್ ತೂಕವನ್ನು ಎರಡರಿಂದ ಭಾಗಿಸಿ, ಅದಕ್ಕೆ ಬೇಕಾದ ಒತ್ತಡಕ್ಕಿಂತ ಸ್ವಲ್ಪ ಮೇಲೆ ಇಡುವುದೇ ದಾರಿ. ವೇಗದ ಅಕ್ಷರವನ್ನೂ ಗಮನಿಸಿ: ಕ್ಯೂ ಎಂದರೆ ಗಂಟೆಗೆ 160 ಕಿ.ಮೀ., ಎಸ್ ಎಂದರೆ 180.

ಆಲ್ ಟೆರೇನೋ, ಮಡ್ ಟೆರೇನೋ? ವಾರದಲ್ಲಿ ಆರು ದಿನ ಡಾಂಬರು ರಸ್ತೆಯಲ್ಲಿ ಓಡುವ ಗಾಡಿಗೆ ಆಲ್ ಟೆರೇನ್ ಸಾಕು. ಮಡ್ ಟೆರೇನ್‌ನ ದೊಡ್ಡ ರಬ್ಬರ್ ಗುಬ್ಬಿಗಳ ನಡುವೆ ಕೆಸರು ನಿಲ್ಲದೆ ಉದುರುತ್ತದೆ, ಆದರೆ ಒದ್ದೆ ಡಾಂಬರಿನ ಮೇಲೆ ಅದರ ಹಿಡಿತ ಕಡಿಮೆ, ಸದ್ದು ಜೋರು, ಸವೆತ ಬೇಗ.

ಸ್ಟೆಪ್ನಿ ಮರೆಯಬೇಡಿ. ಐದನೆಯದೂ ಅದೇ ಅಳತೆಯದಾಗಬೇಕು. ಫೋರ್ ವೀಲ್ ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿಯಾಗಿ ಕಟ್ಟಿಕೊಳ್ಳುತ್ತವೆ; ಒಂದು ಗಾಲಿಯ ವ್ಯಾಸ ಬೇರೆಯಾದರೆ ಶಾಫ್ಟಿನಲ್ಲೂ, ಎರಡು ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನಲ್ಲೂ ತಿರುಚು ತುಂಬಿಕೊಳ್ಳುತ್ತದೆ. ಟ್ರೇಯಡಿ ಸ್ಟೆಪ್ನಿ ತೂಗುವ ಜಾಗದಲ್ಲಿ 831 ಮಿ.ಮೀ. ಹಿಡಿಸುತ್ತದೆಯೇ, ಸೈಲೆನ್ಸರ್ ಕೊಳವೆಗೂ ಟೋ ಬಾರಿಗೂ ತಾಗುತ್ತದೆಯೇ ಎಂದು ಟೈರು ಕೊಳ್ಳುವ ಮೊದಲೇ ಅಳೆದುಕೊಳ್ಳಿ.

ರಿಮ್: ಹೊರಗೆ ಎಷ್ಟು, ಒಳಗೆ ಎಷ್ಟು

ಕಂಪನಿಯ ರಿಮ್ ಮೇಲೆಯೇ ದೊಡ್ಡ ಟೈರು ಕೂರಿಸಬಹುದಾದರೆ ಕೂರಿಸಿ, ಅದಕ್ಕಿಂತ ಸುರಕ್ಷಿತ ದಾರಿ ಇಲ್ಲ. 285/70 ಆರ್ 17 ಅಳತೆಗೆ ಒಪ್ಪಿತವಾದ ರಿಮ್ ಅಗಲ 7.5ರಿಂದ 9 ಇಂಚು. 7.5 ಇಂಚಿನ ರಿಮ್ ಅಂಚಿನಲ್ಲಿ ಪಾಸಾಗುತ್ತದೆ.

ಹೊಸ ರಿಮ್ ಎಂದಾಗ ಆಫ್‌ಸೆಟ್ ಅರ್ಥವಾಗಲೇಬೇಕು. ರಿಮ್ಮಿನ ಅಗಲದ ನಡುಗೆರೆಯಿಂದ ಹಬ್‌ಗೆ ಅಂಟುವ ಮುಖ ಎಷ್ಟು ಹೊರಗಿದೆ ಎಂಬುದೇ ಇಟಿ ಅಂಕಿ. 7.5 ಇಂಚು, ಇಟಿ 30 ಇದ್ದದ್ದನ್ನು 9 ಇಂಚು, ಇಟಿ 0 ಮಾಡಿದರೆ ಅಗಲದ ಹೆಚ್ಚಳದ ಅರ್ಧ 19 ಮಿ.ಮೀ., ಆಫ್‌ಸೆಟ್‌ನಿಂದ 30 ಮಿ.ಮೀ. ಎರಡೂ ಕೂಡಿ ರಿಮ್ಮಿನ ಹೊರ ಅಂಚು 49 ಮಿ.ಮೀ. ಹೊರಗೆ ಚಾಚುತ್ತದೆ. ಒಳ ಅಂಚು 11 ಮಿ.ಮೀ. ಹೊರಸರಿಯುವುದರಿಂದ ಗಾಲಿಯನ್ನು ಚಾಸಿಗೆ ಹಿಡಿದಿಡುವ ಮೇಲಿನ ಕಂಟ್ರೋಲ್ ಆರ್ಮ್ ಕಡೆ ಜಾಗ ಸಿಗುತ್ತದೆ. ಅಂಗಡಿಯಲ್ಲಿ ಹೇಳುವುದು ಈ ಒಳಗಿನ ಲಾಭವನ್ನು. ಹೊರಗಿನ 49 ಮಿ.ಮೀ.ಯಿಂದ ಆಗುವುದು ಬೇರೆ: ಸ್ಟಿಯರಿಂಗ್ ತಿರುಗಿಸಿದಾಗ ಟೈರು ಇನ್ನೂ ದೊಡ್ಡ ಕಮಾನಿನಲ್ಲಿ ಬೀಸಿಕೊಂಡು ಹೋಗಿ, ಗಾಲಿಯ ಹಿಂದಿರುವ ಕ್ಯಾಬಿನ್ ಮೌಂಟಿಗೂ (ಕ್ಯಾಬಿನ್ ಚಾಸಿಯ ಮೇಲೆ ಕೂರುವ ಆಸರೆ) ಮುಂದಿನ ಬಂಪರ್ ಮೂಲೆಗೂ ಬಡಿಯುತ್ತದೆ. ಕಲ್ಲು ತಾಗಿದಾಗ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ, ವೀಲ್ ಬೇರಿಂಗ್ ಮೇಲೆ ಸನ್ನೆಯ ಭಾರ ಬೀಳುತ್ತದೆ, ಕೆಸರು ಬಾಗಿಲಿನ ತನಕ ಹಾರುತ್ತದೆ. ಹಾಗಾಗಿ ಕಂಪನಿಯ ಆಫ್‌ಸೆಟ್‌ಗೂ ಹೊಸದಕ್ಕೂ ವ್ಯತ್ಯಾಸ 10-15 ಮಿ.ಮೀ. ಮೀರದಂತೆ ನೋಡಿಕೊಳ್ಳುವುದು ಜಾಣತನ.

ಆರು ಬೋಲ್ಟು, 139.7 ಮಿ.ಮೀ. ವೃತ್ತ ಎಂಬುದು ಹಲವು ಪಿಕಪ್‌ಗಳಲ್ಲಿ ಒಂದೇ. ನಡುವಿನ ತೂತು ಮಾತ್ರ ಒಂದೇ ಅಲ್ಲ, ಹೈಲಕ್ಸ್‌ನದು 106.1 ಮಿ.ಮೀ., ಫೋರ್ಡ್ ರೇಂಜರ್‌ನದು 93.1. ಬೋಲ್ಟು ಕೂತಿತು ಎಂದ ಮಾತ್ರಕ್ಕೆ ರಿಮ್ ಕೂತಿಲ್ಲ. ತೂತು ದೊಡ್ಡದಾದರೆ ಸರಿಯಾದ ಹಬ್ ರಿಂಗ್ ಬೇಕು. ನಟ್ಟುಗಳಲ್ಲೂ ಭೇದವಿದೆ: ಕೆಲವು ಕಂಪನಿ ಅಲಾಯ್‌ಗಳ ನಟ್ಟು ಚಪ್ಪಟೆ ವಾಷರ್ ಇರುವಂಥದು, ಹೊರಗಿನ ರಿಮ್‌ಗಳಲ್ಲಿ ಬಹುಪಾಲು 60 ಡಿಗ್ರಿ ಶಂಕುವಿನ ನಟ್ಟು ಕೇಳುತ್ತವೆ. ಚಪ್ಪಟೆ ನಟ್ಟನ್ನು ಶಂಕುವಿನ ಕುಳಿಗೆ ಬಿಗಿದರೆ ಟಾರ್ಕ್ ರೆಂಚ್ ಕ್ಲಿಕ್ ಎನ್ನುತ್ತದೆ, ರಿಮ್ ಮಾತ್ರ ಗಟ್ಟಿ ಹಿಡಿದಿರುವುದಿಲ್ಲ. ಕೈಪಿಡಿಯ ಟಾರ್ಕ್‌ಗೆ ಬಿಗಿದು 50ರಿಂದ 100 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು.

ಎಲ್ಲಿ ಉಜ್ಜುತ್ತದೆ, ಹೇಗೆ ಪತ್ತೆ ಹಚ್ಚುವುದು

ಸಮತಟ್ಟಾದ ನೆಲದಲ್ಲಿ ಎಡಕ್ಕೆ ಬಲಕ್ಕೆ ತಿರುಗಿಸಿ 'ತಾಗಲಿಲ್ಲ' ಎಂದು ಒಪ್ಪಿಕೊಂಡರೆ ಪರೀಕ್ಷೆ ಅರ್ಧ ಕೂಡ ಆಗಿಲ್ಲ. ಮುಂದಿನ ಒಂದು ಗಾಲಿಯನ್ನು ಗಟ್ಟಿಯಾದ ರ‍್ಯಾಂಪ್ ಮೇಲೆ ನಿಧಾನ ಹತ್ತಿಸಿ, ಸಸ್ಪೆನ್ಷನ್ ತನ್ನ ಕೊನೆಯ ರಬ್ಬರ್ ತಡೆಗೆ, ಅಂದರೆ ಬಂಪ್ ಸ್ಟಾಪ್‌ಗೆ ಒತ್ತಿಕೊಳ್ಳುವ ತನಕ. ಅಲ್ಲಿ ನಿಂತು ಸ್ಟಿಯರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ. ಅದೇ ಸ್ಥಿತಿಯಲ್ಲಿ ಸ್ವಲ್ಪ ರಿವರ್ಸ್ ಕೂಡ ತೆಗೆದುಕೊಳ್ಳಿ, ರಿವರ್ಸ್‌ನಲ್ಲಿ ಬುಷ್‌ಗಳು ಒತ್ತಿ ಟೈರು ಬೇರೆ ಕಡೆಗೆ ಜರುಗುತ್ತದೆ. ಮುಂದೆ ತಾಗದ್ದು ಹಿಂದೆ ಬರುವಾಗ ತಾಗುತ್ತದೆ.

ಜಾಗ ಅಳೆಯಲು ಮಕ್ಕಳು ಆಡುವ ಮೆತ್ತನೆ ಜೇಡಿ ಸಾಕು. ನಿಂಬೆ ಗಾತ್ರದ ಉಂಡೆಗಳನ್ನು ಒಳಗಿನ ಪ್ಲಾಸ್ಟಿಕ್ ಲೈನರ್ ಮೇಲೆ, ಕ್ಯಾಬಿನ್ ಮೌಂಟ್ ಮೇಲೆ, ಮೇಲಿನ ಕಂಟ್ರೋಲ್ ಆರ್ಮ್ ಪಕ್ಕಕ್ಕೆ ಅಂಟಿಸಿ. ಟೈರಿನ ಹೊರಮೂಲೆಯ ಗುಬ್ಬಿಗಳಿಗೆ ಸುತ್ತಲೂ ಸೀಮೆಸುಣ್ಣ ಬಳಿಯಿರಿ. ಗಾಡಿ ಇಳಿಸಿ ನೋಡಿದಾಗ ಉಂಡೆ ಚಪ್ಪಟೆಯಾದ ಕಡೆ ಉಳಿದ ದಪ್ಪವೇ ನಿಮ್ಮ ಅಂತರ. ಸುಣ್ಣದ ಬಿಳಿ ಗೀರು ಬಿದ್ದ ಕಡೆ ಅಂತರವೇ ಇಲ್ಲ. 10 ಮಿ.ಮೀ.ಗಿಂತ ಕಡಿಮೆ ಉಳಿದ ಜಾಗವನ್ನು ಉಜ್ಜುವ ಜಾಗವೆಂದೇ ಎಣಿಸಿ. ಟೈರಿನ ಸಂದಿಗೆ ಮೆತ್ತಿದ ಕೆಸರು ಆ ಅಂತರವನ್ನು ತಿಂದುಹಾಕುತ್ತದೆ.

ಲೈನರ್ ತಾಗಿದರೆ ಗಾಬರಿ ಬೇಡ. ಹೀಟ್ ಗನ್‌ನಿಂದ ಒಂದೇ ಕಡೆ ನಿಲ್ಲಿಸದೆ ಬಿಸಿ ಹಾಯಿಸಿ, ಪ್ಲಾಸ್ಟಿಕ್ ಹೊಳಪು ಬಂದು ಮೆತ್ತಗಾದಾಗ ದಪ್ಪ ಕೈಗವಸಿನಿಂದ ಹಿಂದಕ್ಕೆ ಒತ್ತಿ, ತಣ್ಣಗಾಗುವ ತನಕ ಹಿಡಿದಿಡಿ. ಹಿಂಬದಿಯ ವೈರಿಂಗ್ ಮೊದಲೇ ಸರಿಸಿರಬೇಕು. ಲೈನರಿನ ಹಿಂದಿನ ತಗಡಿನ ಮಡಿಕೆ ಅಂಚು ತಾಗಿದರೆ ಅದನ್ನು ಸುತ್ತಿಗೆಯಿಂದ ಮಡಚಿ ಕೂರಿಸಬಹುದು, ಕತ್ತರಿಸುವುದಕ್ಕಿಂತ ಅದು ಮೇಲು. ಬಡಿದ ಜಾಗದಲ್ಲಿ ಬಣ್ಣವೂ ಸೀಲರ್ರೂ ಬಿರಿದಿರುತ್ತವೆ. ಬರಿ ಲೋಹ ಕಾಣುವ ತನಕ ಉಜ್ಜಿ, ಜಿಂಕ್ ಪ್ರೈಮರ್, ಸೀಮ್ ಸೀಲರ್, ಬಣ್ಣ, ಈ ಕ್ರಮದಲ್ಲಿ ಮುಚ್ಚಿ. ಇದನ್ನು ಬಿಟ್ಟವರ ಗಾಡಿಯಲ್ಲಿ ತುಕ್ಕು ಲೈನರಿನ ಹಿಂದೆ, ಕಣ್ಣಿಗೆ ಕಾಣದ ಕಡೆ ಬೆಳೆಯುತ್ತದೆ. ಕ್ಯಾಬಿನ್ ಮೌಂಟ್ ಕತ್ತರಿಸಿ ವೆಲ್ಡ್ ಮಾಡುವ ಕೆಲಸ ಇನ್ನೊಂದು ಮಟ್ಟದ್ದು. ಕ್ಯಾಬಿನ್ ಚಾಸಿಗೆ ಹಿಡಿದುಕೊಳ್ಳುವುದೇ ಅಲ್ಲಿ. ಆ ಕತ್ತರಿ ಬೇಕಾಗುವ ಟೈರು ಆ ಗಾಡಿಗೆ ದೊಡ್ಡದಾಯಿತು ಎಂದೇ ಅರ್ಥ. ಮೊದಲು ಅಲೈನ್‌ಮೆಂಟ್‌ನಲ್ಲಿ ಕ್ಯಾಸ್ಟರ್ (ಸ್ಟಿಯರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಹೆಚ್ಚಿಸಿ ನೋಡಿ, ಗಾಲಿ ಕೆಲವು ಮಿ.ಮೀ. ಮುಂದೆ ಸರಿದು ಮೌಂಟಿನಿಂದ ದೂರವಾಗುತ್ತದೆ.

ಲಿಫ್ಟ್ ಕೊಡುವುದು, ಕಿತ್ತುಕೊಳ್ಳುವುದು

ಲಿಫ್ಟ್ ಹಾಕಿದರೆ ನಿಂತ ಗಾಡಿಯಲ್ಲಿ ಜಾಗ ಹೆಚ್ಚುತ್ತದೆ. ಬಂಪ್ ಸ್ಟಾಪ್ ಹಳೆಯದೇ ಇದ್ದರೆ ಪೂರ್ತಿ ಅಮುಕಿದಾಗ ಟೈರು ಹಿಂದೆ ತಲುಪುತ್ತಿದ್ದ ಜಾಗಕ್ಕೇ ತಲುಪುತ್ತದೆ. ಲಿಫ್ಟ್ ನಂತರವೂ ಟೈರು ಉಜ್ಜುವುದು ಇದಕ್ಕೇ.

ಎತ್ತರ ಅಳೆಯುವುದು ನೆಲದಿಂದಲ್ಲ, ಹಬ್‌ನ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ. ಹಾಗೆ ಅಳೆದರೆ ಟೈರಿನ ಗಾತ್ರ ಲೆಕ್ಕವನ್ನು ಕೆಡಿಸುವುದಿಲ್ಲ. ಹೊಸ ಗಾಡಿಯ ನಾಲ್ಕೂ ಮೂಲೆ ಅಳೆದು ಬರೆದಿಟ್ಟುಕೊಳ್ಳಿ.

ಮುಂದೆ ಸ್ಟ್ರಟ್ (ಸ್ಪ್ರಿಂಗು, ಶಾಕ್ ಕೂಡಿದ ಕಂಬ) ಕೆಳಗಿನ ಆರ್ಮಿನ ನಡುಭಾಗದಲ್ಲಿ ಕೂತಿರುವುದರಿಂದ ಅದರ ತಲೆಯ ಮೇಲೆ 25 ಮಿ.ಮೀ. ಸ್ಪೇಸರ್ ಇಟ್ಟರೆ ಗಾಲಿಯ ಹತ್ತಿರ 45-50 ಮಿ.ಮೀ. ಏರುತ್ತದೆ. ಅಗ್ಗದ ದಾರಿ ಇದು. ಸ್ಟ್ರಟ್ಟೇ ಉದ್ದವಾದಂತಾಗಿ, ಗಾಲಿ ಗಾಳಿಯಲ್ಲಿ ನೇತಾಡಿದಾಗ ಆರ್ಮಿನ ತುದಿಯ ಕೀಲು, ಅಂದರೆ ಬಾಲ್ ಜಾಯಿಂಟ್ ತನ್ನ ಮಿತಿ ದಾಟುತ್ತದೆ, ಮೇಲಿನ ಆರ್ಮ್ ಸ್ಪ್ರಿಂಗಿಗೆ ತಾಗುತ್ತದೆ. ಶಾಶ್ವತ ತೂಕಕ್ಕೆ ತಕ್ಕ ಸ್ಪ್ರಿಂಗು ಮತ್ತು ಅದಕ್ಕೆ ಹೊಂದುವ ಶಾಕ್ ಹಾಕುವುದೇ ನೇರ ದಾರಿ. ಇಲ್ಲಿ ಮೊದಲಿನ ತೂಕದ ಲೆಕ್ಕ ಕೈಹಿಡಿಯುತ್ತದೆ: ಮುಂದೆ 100 ಕೆ.ಜಿ. ಬಂಪರ್ ಇದ್ದರೆ ಒಂದು ಸ್ಪ್ರಿಂಗು, ಇಲ್ಲದಿದ್ದರೆ ಇನ್ನೊಂದು. ಮುಂದೆ ಬಂಪರ್ ಹಾಕುತ್ತೇನೆಂದು ಈಗಲೇ ಗಟ್ಟಿ ಸ್ಪ್ರಿಂಗ್ ಕೂರಿಸಿಕೊಂಡವರು ಅಷ್ಟು ದಿನ ಬಂಡೆಯ ಮೇಲೆ ಕೂತಂತೆ ಓಡಾಡಬೇಕು. ಹಿಂದೆ ಶ್ಯಾಕಲ್ 50 ಮಿ.ಮೀ. ಉದ್ದ ಮಾಡಿದರೆ ಎತ್ತರ ಸಿಗುವುದು 25 ಮಿ.ಮೀ.

ಸುಮಾರು 50 ಮಿ.ಮೀ. ದಾಟಿದ ಮೇಲೆ ಮುಂದಿನ ಡ್ರೈವ್ ಶಾಫ್ಟ್‌ಗಳ ಸಿವಿ ಜಾಯಿಂಟ್ (ಬಾಗಿದ ಸ್ಥಿತಿಯಲ್ಲೂ ತಿರುಗುವ ಕೀಲು) ಕಡಿದಾದ ಕೋನದಲ್ಲಿ ತಿರುಗುತ್ತವೆ, ರಬ್ಬರ್ ಬೂಟು ಮಡಿಕೆಗೆ ಮಡಿಕೆ ಉಜ್ಜಿ ಹರಿಯುತ್ತದೆ, ಗ್ರೀಸ್ ಹೊರಗೆ ಎರಚುತ್ತದೆ. ಕ್ಯಾಸ್ಟರ್ ಕಡಿಮೆಯಾಗಿ ಹೆದ್ದಾರಿಯಲ್ಲಿ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಆಗ ಹೊಂದಿಸಬಹುದಾದ ಮೇಲಿನ ಕಂಟ್ರೋಲ್ ಆರ್ಮ್ ಅಗತ್ಯ. ಬ್ರೇಕ್ ಪೈಪು, ಎಬಿಎಸ್ ವೈರುಗಳನ್ನು ಗಾಲಿ ಪೂರ್ತಿ ನೇತಾಡಿಸಿ ನೋಡಬೇಕು, ಬಿಗಿದುಕೊಂಡಿದ್ದರೆ ಬ್ರಾಕೆಟ್ ಇಳಿಸಬೇಕು.

ಕೆಲವು ಪಿಕಪ್‌ಗಳ ಹಿಂದಿನ ಆಕ್ಸಲ್ ಮೇಲೆ ಹೊರೆ ಗುರುತಿಸುವ ಬ್ರೇಕ್ ವಾಲ್ವ್ ಇರುತ್ತದೆ. ಒಂದು ಸಣ್ಣ ಸರಳು ಚಾಸಿಗೂ ಆಕ್ಸಲ್‌ಗೂ ನಡುವಿನ ಅಂತರ ನೋಡಿ ಗಾಡಿ ತುಂಬಿದೆಯೋ ಖಾಲಿಯೋ ತಿಳಿಯುತ್ತದೆ. ಗಾಡಿ ಎತ್ತಿದರೆ ಅದಕ್ಕೆ ಸದಾ ಖಾಲಿಯಾಗಿ ಕಾಣುತ್ತದೆ. ತುಂಬು ಹೊರೆಯಲ್ಲೂ ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಬಿಡುತ್ತದೆ. ಸರಳಿನ ಬ್ರಾಕೆಟ್ಟನ್ನು ಲಿಫ್ಟ್‌ನಷ್ಟೇ ಏರಿಸಿಕೊಡುವ ಚಿಕ್ಕ ತುಂಡು ಸಿಗುತ್ತದೆ. ಕಿಟ್ ಜೊತೆ ಅದನ್ನು ಕೇಳದೆ ಬರಬೇಡಿ.

ಈಗಿನ ಗಾಡಿಗಳಲ್ಲಿ ಹೊಸ ತೊಡಕು

ಹತ್ತು ಹದಿನೈದು ವರ್ಷ ಹಿಂದೆ ಇದು ಸ್ಪ್ಯಾನರ್ ಹಿಡಿದವರ ಕೆಲಸವಷ್ಟೇ ಆಗಿತ್ತು. ಇಂದಿನ ಪಿಕಪ್ ವಿಂಡ್‌ಸ್ಕ್ರೀನ್ ಹಿಂದೆ ಕ್ಯಾಮೆರಾ, ಗ್ರಿಲ್ ಅಥವಾ ಬಂಪರ್ ಹಿಂದೆ ರೇಡಾರ್ ಇಟ್ಟುಕೊಂಡು ಬರುತ್ತದೆ. ತಾನಾಗಿ ಬ್ರೇಕ್ ಹಾಕುವುದು, ಮುಂದಿನ ಗಾಡಿಯ ಅಂತರ ಕಾಯುವುದು ಅವುಗಳ ಕೆಲಸ. ಗಾಡಿಯ ಮೂತಿ ಒಂದು ಡಿಗ್ರಿ ಮೇಲೆದ್ದರೆ 50 ಮೀಟರ್ ದೂರದಲ್ಲಿ ಅದರ ನೋಟ ಸುಮಾರು 87 ಸೆಂ.ಮೀ. ಮೇಲೆ ಹೋಗುತ್ತದೆ. ಹೆಡ್‌ಲೈಟಿಗೂ ಇದೇ ಲೆಕ್ಕ. ಎದುರಿನವರ ಕಣ್ಣಿಗೆ ಬೆಳಕು ಬಡಿಯುವುದು ಹೀಗೇ. ಲಿಫ್ಟ್ ಮತ್ತು ಅಲೈನ್‌ಮೆಂಟ್ ಮುಗಿದ ಮೇಲೆ ಕ್ಯಾಮೆರಾ, ರೇಡಾರ್ ಕ್ಯಾಲಿಬ್ರೇಷನ್, ಸ್ಟಿಯರಿಂಗ್ ಕೋನದ ಸೆನ್ಸರ್‌ನ ಸೊನ್ನೆ ಹೊಂದಿಕೆ, ಹೆಡ್‌ಲೈಟ್ ಹೊಂದಿಕೆ ಮಾಡಿಸಲೇಬೇಕು. ಬಂಪರ್ ಕೊಳ್ಳುವಾಗ ಅದು ನಿಮ್ಮ ಗಾಡಿಯ ಏರ್‌ಬ್ಯಾಗಿಗೂ ರೇಡಾರಿಗೂ ಪರೀಕ್ಷಿಸಿದ್ದೇ ಎಂದು ಬರಹದಲ್ಲಿ ಕೇಳಿ. ರೇಡಾರ್ ಎದುರು ವಿಂಚ್ ಕೊಕ್ಕೆಯನ್ನೋ ನಂಬರ್ ಪ್ಲೇಟನ್ನೋ ಇಟ್ಟರೆ ಅದು ಕುರುಡಾಗುತ್ತದೆ.

ವಿದ್ಯುತ್ತಿನಲ್ಲೂ ಹೊಸತಿದೆ. ಬ್ಯಾಟರಿಯ ಮೈನಸ್ ತುದಿಗೆ ಅಂಟಿಕೊಂಡ ಸಣ್ಣ ಸೆನ್ಸರ್ ಒಳಬರುವ, ಹೊರಹೋಗುವ ಕರೆಂಟನ್ನು ಎಣಿಸಿ ಆಲ್ಟರ್ನೇಟರ್‌ಗೆ ತಿಳಿಸುತ್ತದೆ. ಬಿಡಿಭಾಗದ ಮೈನಸ್ ತಂತಿಯನ್ನು ನೇರ ಬ್ಯಾಟರಿ ತುದಿಗೆ ಕಟ್ಟಿದರೆ ಆ ಲೆಕ್ಕ ತಪ್ಪುತ್ತದೆ, ಬ್ಯಾಟರಿ ತುಂಬದೆ ಉಳಿಯುತ್ತದೆ. ಅದನ್ನು ಚಾಸಿಯ ಅರ್ಥ್ ಬಿಂದುವಿಗೆ ಕಟ್ಟಿ. ಇಂಥ ಆಲ್ಟರ್ನೇಟರ್ ವೋಲ್ಟೇಜನ್ನು ಬೇಕೆಂದಾಗ ಇಳಿಸುವುದರಿಂದ ಎರಡನೇ ಬ್ಯಾಟರಿಗೆ ಬರೀ ರಿಲೇ ಸಾಲದು, ಇಳಿದ ವೋಲ್ಟೇಜನ್ನು ಏರಿಸಿಕೊಡುವ ಡಿಸಿ-ಡಿಸಿ ಚಾರ್ಜರ್ ಬೇಕು.

ತಂತಿ ತೆಳುವಾದಾಗ ಏನಾಗುತ್ತದೆ ಎಂಬುದಕ್ಕೆ ಟ್ರೇಯಲ್ಲಿರುವ ಫ್ರಿಜ್ ಒಳ್ಳೆಯ ಉದಾಹರಣೆ. ಹೋಗಿ ಬರುವ ದಾರಿ 12 ಮೀಟರ್, ಕರೆಂಟು 5 ಆಂಪಿಯರ್. 1.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ ಸುಮಾರು 0.7 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, ಬ್ಯಾಟರಿ ಚೆನ್ನಾಗಿದ್ದರೂ ಫ್ರಿಜ್ 'ವೋಲ್ಟೇಜ್ ಕಡಿಮೆ' ಎಂದು ನಿಲ್ಲುತ್ತದೆ. 6 ಚದರ ಮಿ.ಮೀ. ಹಾಕಿದರೆ ನಷ್ಟ 0.2 ವೋಲ್ಟ್‌ಗಿಂತ ಕಡಿಮೆ. ಪ್ರತಿ ತಂತಿಗೂ ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ. ಫ್ರಿಜ್ ಬಳಿ ಇಟ್ಟ ಫ್ಯೂಸ್, ದಾರಿಯಲ್ಲಿ ಉಜ್ಜಿ ಶಾರ್ಟ್ ಆದ ತಂತಿಯನ್ನು ಉಳಿಸುವುದಿಲ್ಲ.

ವಿಂಚ್‌ನ ಶಕ್ತಿ ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟು ಇರಬೇಕೆಂಬುದು ರೂಢಿ. 3,050 ಕೆ.ಜಿ.ಗೆ 4,575, ಅಂದರೆ ಸುಮಾರು 10,000 ಪೌಂಡ್. ಆ ಅಂಕಿ ಡ್ರಮ್ಮಿನ ಮೊದಲ ಸುತ್ತಿನ ಪದರಕ್ಕೆ ಮಾತ್ರ, ಪದರ ಹೆಚ್ಚಿದಂತೆ ಎಳೆತ ಕುಗ್ಗುತ್ತದೆ. ಪೂರ್ತಿ ಎಳೆತದಲ್ಲಿ 12 ವೋಲ್ಟ್ ವಿಂಚ್ 400 ಆಂಪಿಯರ್ ಸುತ್ತಮುತ್ತ ಕುಡಿಯುತ್ತದೆ. ಎಂಜಿನ್ ಓಡುತ್ತಿರಲಿ, ಸ್ವಲ್ಪ ಎಳೆದು ಸ್ವಲ್ಪ ಬಿಡುವು ಕೊಡಿ.

ಸ್ನಾರ್ಕೆಲ್ ಬಗ್ಗೆ ಒಂದು ಮಾತು. ಅದು ಎಂಜಿನ್ ಉಸಿರಾಡುವ ಬಾಯಿಯನ್ನು ಮೇಲೆತ್ತುತ್ತದೆ, ನೀರಿನಲ್ಲಿ ಇಳಿಯಬಹುದಾದ ಆಳವನ್ನಲ್ಲ. ಕಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲ್‌ಗಳ ಮೂಲಕ ನೀರು ಹೀರುತ್ತದೆ. ಡಿಫರೆನ್ಷಿಯಲ್ ಉಸಿರಾಡುವ ಬ್ರೀದರ್ ಕೊಳವೆಯನ್ನು ಎಂಜಿನ್ ಕೋಣೆಯ ಎತ್ತರಕ್ಕೆ ಏರಿಸದಿದ್ದರೆ ಒಂದೇ ಹೊಳೆ ದಾಟಿದ್ದಕ್ಕೆ ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಬಹುದು. ಏರ್ ಬಾಕ್ಸಿನ ಅಡಿಯಲ್ಲಿ ನೀರಿಳಿಯುವ ಸಣ್ಣ ರಂಧ್ರಕ್ಕೆ ಒಮ್ಮುಖ ವಾಲ್ವ್ ಇದೆಯೇ ಎಂದೂ ನೋಡಿ, ಎಷ್ಟೋ ಸ್ನಾರ್ಕೆಲ್‌ಗಳು ಸೋರುವುದು ಅಲ್ಲಿಂದ.

ರೂಫ್ ರ‍್ಯಾಕಿನ ಮಿತಿಯಲ್ಲಿ ರ‍್ಯಾಕಿನ ತೂಕವೂ ಸೇರುತ್ತದೆ. ಆಫ್‌ರೋಡ್‌ಗೆ ಆ ಮಿತಿಯನ್ನು 1.5ರಿಂದ ಭಾಗಿಸಿಕೊಳ್ಳಿ ಎಂದು ಹಲವು ತಯಾರಕರು ಹೇಳುತ್ತಾರೆ. ಮಿತಿ 75 ಕೆ.ಜಿ. ಇದ್ದರೆ ಒರಟು ದಾರಿಯಲ್ಲಿ 50, 28 ಕೆ.ಜಿ.ಯ ರ‍್ಯಾಕ್ ಕಳೆದರೆ 22. 60 ಕೆ.ಜಿ.ಯ ಟೆಂಟ್ ಎಲ್ಲಿ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ.

ಎಲ್ಲ ಕೂತ ಮೇಲೆ ಟ್ಯಾಂಕ್ ತುಂಬಿಸಿ, ಪ್ರವಾಸದ ಸಾಮಾನು, ಜನ ಎಲ್ಲ ಏರಿಸಿ ಮತ್ತೆ ಅದೇ ವೇಬ್ರಿಡ್ಜಿಗೆ ಹೋಗಿ. ಮೂರೂ ತೂಕ ಹಳೆಯ ಚೀಟಿಯ ಪಕ್ಕಕ್ಕೆ ಬರೆದು ಫಲಕದ ಮಿತಿಗಳ ಜೊತೆ ಇಟ್ಟು ನೋಡಿ. ಹಬ್‌ನಿಂದ ಮಡ್‌ಗಾರ್ಡ್ ಅಳತೆ ಮತ್ತೆ ತೆಗೆಯಿರಿ. ಸ್ಪ್ರಿಂಗುಗಳು ಮೊದಲ ಸಾವಿರ ಕಿ.ಮೀ.ಯಲ್ಲಿ ಸ್ವಲ್ಪ ಕೂರುವುದರಿಂದ ಆಮೇಲೆ ಅಲೈನ್‌ಮೆಂಟ್ ಇನ್ನೊಮ್ಮೆ ಪರೀಕ್ಷಿಸಬೇಕು, ಲೀಫ್ ಸ್ಪ್ರಿಂಗಿನ ಯು-ಬೋಲ್ಟುಗಳನ್ನು ಕೈಪಿಡಿಯ ಟಾರ್ಕ್‌ಗೆ ಮತ್ತೆ ಬಿಗಿಯಬೇಕು. ಜೇಡಿ ಉಂಡೆಗಳ ಪರೀಕ್ಷೆಯನ್ನೂ ಆಗಲೇ, ತುಂಬಿದ ಗಾಡಿಯಲ್ಲಿ, ಇನ್ನೊಮ್ಮೆ ಮಾಡಿ.